ಸುದ್ದಿ ಓದುತ್ತಿದ್ದ ಮಗಳು

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾದಿದ್ದ ನಿಶ್ಚಿತಾಗೆ ಪಕ್ಕದ ಇಬ್ಬರು ಗಂಡಸರ ಮಾತು ಕಿವಿಗೆ ಬಿತ್ತು.

“ಕಾನಸುದ್ದಿ ಕಂಪನಿ ಮಾರಿದ್ರಂತೆ?” ಎಂದರು ಹಿರಿಯರು.

“ಪೇಪರು, ಚಾನೆಲ್ಲು, ಪ್ರೆಸ್ಸಿನ ಜಾಗ, ಎಲ್ಲ ಹೋಯ್ತು ಮಲ್ಲೇಶಪ್ಪಣ್ಣ.”

“ನೀನು ಅಲ್ಲಿ ಕ್ಯಾಮೆರಾ ಹಿಡೀತಿದ್ದೆ. ನಮ್ಮ ರಶ್ಮಿ ಸುದ್ದಿ ಓದಿದ ಕ್ಯಾಸೆಟ್ ಎಲ್ಲಿರಬಹುದು?”

“ಆಗೆಲ್ಲ ಅದರ ಮೇಲೇ ಮರುದಿನದ ಸುದ್ದಿ ತುಂಬ್ತಿದ್ವಿ. ಒಂದೂ ಉಳಿದಿಲ್ಲ.”



“ಅವಳು ತೀರಿಕೊಂಡ ಮೇಲೆ ಫೋಟೋ ಇಟ್ಕೊಂಡಿದೀನಿ. ದನಿಯೇ ಮರೀತಾ ಇದೆ ಮಾರಾಯ.”

“ಕೊನೇಲಿ ‘ನಮಸ್ಕಾರ’ ಅನ್ನೋವಾಗ ಸ್ವಲ್ಪ ಎಳೀತಿದ್ಲು.”

“ಹೌದಾ? ಹ್ಯಾಗೆ, ಹೇಳು.”

“ನಮಸ್ಕಾ...ರ.”

“ಇನ್ನೊಂದ್ಸಲ.”

ಅವನು ಮತ್ತೆ ಹೇಳಿದ. ಅಷ್ಟರಲ್ಲಿ ಎನ್.ಆರ್. ಪುರದ ಬಸ್ಸು ಬಂತು. ಮಲ್ಲೇಶಪ್ಪ ಒಬ್ಬರೇ ಹತ್ತಿದರು. ಅವರ ತುಟಿ ಅಲುಗುತ್ತಿದ್ದುದು ನಿಶ್ಚಿತಾಗೆ ಕಿಟಕಿಯಲ್ಲಿ ಕಂಡಿತು.