ಹಂದಿ ತೊಡೆಯಲ್ಲಿ ಅರ್ಧ ಪಾಲು

ಬೆಲ್‌ಗ್ರೇಡಿನ ಟ್ರಾಮಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಮುದುಕರು ಬಂದು ಕೂತರು. ಒಬ್ಬನ ಕೈಯಲ್ಲಿ ಫೋನು, ಅದರೊಳಗೆ ಚದುರಂಗದ ಮಣೆ. ಅವನೇ ಶುರು ಮಾಡಿದ.

"ರಾದಿಸಾವ್, ಎಂಬತ್ತಾರನೇ ಇಸವಿ ರೈಲ್ವೆ ಚೆಸ್ ಫೈನಲಲ್ಲಿ ನಾನು ನಿನ್ ಕೈಲಿ ಸೋತಿರ್ಲಿಲ್ಲ ಕಣೋ. ಅದು ಡ್ರಾ ಅಂತೆ."

"ಯಾವನಂದಿದ್ದು?"

"ಈ ಪ್ರೋಗ್ರಾಮಿನ ಹೊಸ ವರ್ಶನ್ನು."

"ಹೋದ ಚಳಿಗಾಲದಲ್ಲಿ ಆ ಆಟದಲ್ಲಿ ನಿನ್ನ ಕಥೆ ಮುಗಿದಿತ್ತು ಅಂದಿದ್ದೂ ಇದೇ ಅಲ್ವೇನೋ, ತಿಹೋಮಿರ್?"

"ಅದು ಹಳೇದು. ಅದಕ್ಕೆ ಕಾಯಿ ಎಣಿಸೋದಷ್ಟೇ ಗೊತ್ತಿತ್ತು. ಕೋಟೆ ಕಟ್ಕೊಂಡು ಒಳಗೆ ಕೂತೋನನ್ನ ಹೊರಗಿನೋನು ಏನೂ ಮಾಡಕ್ಕಾಗಲ್ಲ ಅನ್ನೋದು ಇದಕ್ಕೆ ಅರ್ಥ ಆಗತ್ತೆ. ಹಂಗಾಗಿ ಬಹುಮಾನದಲ್ಲಿ ಅರ್ಧ ನಂದು."

"ಬಹುಮಾನ ಹಂದಿ ತೊಡೆ. ಅದನ್ನ ಆಗ್ಲೇ ತಿಂದು ಮುಗಿಸಿದ್ವಿ."

"ಅರ್ಧ ಕೊಡು."

"ಅರ್ಧ ನೀನೇ ತಿಂದ್ಯಲ್ಲೋ ಹೊಟ್ಟೆಬಾಕ, ನಮ್ಮನೆ ದೇವರ ಹಬ್ಬದ ದಿನ."

ತಿಹೋಮಿರ್ ಫೋನಿನ ಗಾಜನ್ನು ತೋಳಿಗೆ ಒರೆಸಿಕೊಂಡ.

"ನೆಂಟನಿಗೆ ಬಡಿಸಿದ್ದು ಲೆಕ್ಕಕ್ಕಿಲ್ಲ."

"ಸರಿ. ಏನು ನಡೆಸಿದ್ರೆ ಡ್ರಾ ಆಗ್ತಿತ್ತಂತೆ?"

"ಆನೇನ ಸುಮ್ನೆ ಬಿಟ್ಟುಕೊಡ್ಬೇಕಿತ್ತಂತೆ."

"ಯಾಕೆ?"

"ಬೆಳಗ್ಗೆಯಿಂದ ನೋಡ್ತಾನೇ ಇದೀನಿ. ಯಾಕೆ ಅಂತ ಇನ್ನೂ ಹೊಳೀತಿಲ್ಲ."

ಟ್ರಾಮು ನಿಂತಿತು. ರಾದಿಸಾವ್ ಎದ್ದು, ಅವನ ತೋಳು ಹಿಡಿದು ಎಬ್ಬಿಸಿದ.

"ಹಂಗಾದ್ರೆ ಡ್ರಾ ಮಾಡಿದ್ದು ಅದು, ಸೋತಿದ್ದು ನೀನು. ಹೊಸ ವರ್ಶನ್ ಬಂದಿರೋದು ಪ್ರೋಗ್ರಾಮಿಗೆ ಕಣೋ, ನಿನಗಲ್ಲ. ನೀನಿನ್ನೂ ಎಂಬತ್ತಾರನೇ ಇಸವಿಯೋನೇ. ಇಳಿ, ಮೆಟ್ಲು ನೋಡ್ಕೊಂಡು."