ಒಂಬತ್ತನೇ ಉದಾಹರಣೆಯ ಸರಸಮ್ಮ

ದೀಪ ಆರಿಸಬೇಡಿ, ಇರಲಿ. ಹೇಳ್ತೀನಿ.

ಇದು ನಮ್ಮ ದೊಡ್ಡಪ್ಪನ ಮಗ ಅಂಜನ್ ಕುಮಾರನಿಗೆ ಆದದ್ದು. ಹೋದ ವರ್ಷ, ಮದುವೆಗಳ ಕಾಲ. ಅವನು ಮಧುಗಿರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕೋ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ. ಅವತ್ತು ಬಾಗಿಲು ಹಾಕೋ ಹೊತ್ತಿಗೆ ಒಂಬತ್ತೂವರೆ ದಾಟಿತ್ತು. ಕೊರಟಗೆರೆ ಕಡೆಯ ಕಡೇ ಬಸ್ಸು ಹಿಡಿದು ಗೇಟ್ ಸ್ಟಾಪಿನಲ್ಲಿ ಇಳಿದ. ಅಲ್ಲಿಂದ ಅವನು ಬಾಡಿಗೆಗಿದ್ದ ಊರಿಗೆ ಒಂದೂವರೆ ಮೈಲಿ ನಡಿಗೆ.

ಬಸ್ಸಿನ ಸದ್ದು ದೂರ ಆಯ್ತು. ಉಳಿದದ್ದು ಅವನ ಚಪ್ಪಲಿ ಸದ್ದೊಂದೇ. ಚಟ್... ಚಟ್... ಚಟ್...

ಅರ್ಧ ದಾರಿಗೆ ಒಂದು ಆಲದಮರ. ಅದರ ಮಗ್ಗುಲಿಗೆ ಹಳೇ ಸೇದೋ ಬಾವಿ. ಬೋರ್‌ವೆಲ್ ಬಂದ ಮೇಲೆ ಆ ಬಾವಿ ಹತ್ತಿರ ಯಾರೂ ಸುಳಿಯಲ್ಲ. ರಾಟೆಯನ್ನ ಯಾರೋ ಯಾವಾಗಲೋ ಕಿತ್ತುಕೊಂಡು ಹೋಗಿದ್ದಾರೆ. ಒಳಗೆ ಒಂದು ತೊಟ್ಟು ನೀರಿಲ್ಲ.

ಆದರೂ ಕೇಳಿಸಿತು. ಕಿರ್ರ್... ಕಿರ್ರ್... ರಾಟೆ ತಿರುಗೋ ಸದ್ದು. ಆಮೇಲೆ ಆಳದಲ್ಲಿ, ದಬಕ್. ಕೊಡ ನೀರಿಗೆ ಬಿದ್ದಂಗೆ.

ನಿಂತುಬಿಟ್ಟ. ಆಲದ ಒಂದೆಲೆನೂ ಅಲ್ಲಾಡ್ತಿರಲಿಲ್ಲ.

"ಏಂ ಅಬ್ಬಾಯಿ... ಕರೆದ್ಯಾ?"

ಹೆಂಗಸಿನ ದನಿ. ಪಿಸುಮಾತು. ಪಾವಗಡದ ಕಡೆಯೋರ ತರ ತೆಲುಗು ಬೆರೆತದ್ದು.

"ಯಾ... ಯಾರಮ್ಮ?"

"ದಿನಾ ಕರೀತೀಯ. ಬಂದ್ರೆ ಕದ ತೆಗೆಯಾಕಿಲ್ಲ."

"ನಾನು ಯಾರ್ನೂ ಕರೆದಿಲ್ಲ ಕಣಮ್ಮ."

"ನಮಸ್ಕಾರ ಅಂತೀಯ... ಹೆಸರಿಡಿದು."

ಕೈಲಿದ್ದ ಮೊಬೈಲಿನ ಬೆಳಕನ್ನ ಬಾವಿ ಕಡೆ ತಿರುಗಿಸೋಕೆ ಅವನಿಗೆ ಧೈರ್ಯ ಸಾಲಲಿಲ್ಲ. ಓಡಿದ. ಮನೆ ಸೇರಿ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಏದುಸಿರು ಇಳಿಯುತ್ತಾ ಬಂದಂಗೆ ತಾನು ಯಾರನ್ನ ಕರೀತಿದ್ದೆ ಅನ್ನೋದು ಹೊಳೆಯಿತು.

ಅಂಜನ್ ಒಬ್ಬಂಟಿ. ಮದುವೆ ಆಗಿರಲಿಲ್ಲ. ಫೋನು ಬಂದರೆ ಅಂಗಡಿಯಿಂದಲೇ. ನಾವೂ ಹಬ್ಬಕ್ಕೆ ಕರೆಯೋದು ಮರೆತಿದ್ದೆವು, ಸುಳ್ಳು ಯಾಕೆ ಹೇಳಲಿ. ಅವನಿಗಿದ್ದ ಗೀಳು ಒಂದೇ. ಕಂಪ್ಯೂಟರಿನಲ್ಲಿ ವಿಂಡೋ ಮಾಡೋದು ಹೆಂಗೆ, ಅದರೊಳಗೆ ಬಟನ್ ಇಡೋದು ಹೆಂಗೆ ಅಂತ ಕನ್ನಡದಲ್ಲಿ ಒಂದು ಪಾಠ ಬರೆದು ಇಂಟರ್ನೆಟ್ಟಿಗೆ ಹಾಕಿದ್ದ. ಪಾಠಕ್ಕೆ ಮೂವತ್ತೆಂಟು ಉದಾಹರಣೆ, ಒಂದೊಂದಕ್ಕೂ ಒಂದು ಪುಟ್ಟ ಪ್ರೋಗ್ರಾಮು. ಕಂಪ್ಯೂಟರಿನ ಸಾಫ್ಟ್‌ವೇರಿಗೆ ಹೊಸ ವರ್ಷನ್ ಬಂದಾಗಲೆಲ್ಲ ಯಾವುದಾದರೂ ಒಂದು ಕೆಟ್ಟು ಕೂರೋದು. ಅದಕ್ಕೇ ರಾತ್ರಿ ಕೂತು ಒಂದೊಂದನ್ನೂ ಓಡಿಸಿ ನೋಡೋನು, ಕೆಟ್ಟದ್ದನ್ನ ಸರಿ ಮಾಡೋನು. ಯಾರು ಓದ್ತಾರೆ ಅಂತ ಅವನಿಗೂ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ಕಾಗದಾನೂ ಬಂದಿರಲಿಲ್ಲ.

ಒಂಬತ್ತನೇ ಉದಾಹರಣೆಯಲ್ಲಿ ಹೆಸರು ಬರೆಯೋಕೆ ಒಂದು ಚೌಕ, ಕೆಳಗೆ 'ಸರಿ' ಅನ್ನೋ ಬಟನ್. ಒತ್ತಿದರೆ ನಮಸ್ಕಾರ ಹೇಳುತ್ತೆ. ಚೌಕ ಖಾಲಿ ಇರಬಾರದು ಅಂತ ಒಂದು ಹೆಸರು ತುಂಬಿಸಿದ್ದ. ಆ ಮನೆಗೆ ಬಂದ ಮೊದಲನೇ ರಾತ್ರಿ ಬರೆದದ್ದು. ಯಾಕೆ ಆ ಹೆಸರೇ ಅಂದರೆ ಗೊತ್ತಿಲ್ಲ, ಬೆರಳಿಗೆ ಬಂತು ಅಷ್ಟೆ. ಮನೆಯಲ್ಲಿ ಬೇರೆ ದನಿ ಇಲ್ಲದ್ದಕ್ಕೋ ಏನೋ, ಪರದೆ ಮೇಲೆ ಬಂದದ್ದನ್ನ ಬಾಯಿಬಿಟ್ಟು ಓದೋ ಚಾಳಿ ಅವನದು.

"ನಮಸ್ಕಾರ, ಸರಸಮ್ಮ."

ದಿನಾ ರಾತ್ರಿ. ಕೆಲವು ರಾತ್ರಿ ಹತ್ತು ಹತ್ತು ಸಲ.

ಬೆಳಿಗ್ಗೆ ಪಕ್ಕದ ಮನೆಯ ಶಂಕರಲಿಂಗಪ್ಪನ ಹತ್ತಿರ ಹೋದ. ಮನೆ ಮಾಲೀಕ, ಎಪ್ಪತ್ತು ದಾಟಿದ ಮುದುಕ. ಅವನು ಬಿಸಿಲಿಗೆ ಕೂತು ಕಾಫಿ ಕುಡೀತಿದ್ದ.

"ತಾತ, ಈ ಊರಲ್ಲಿ ಸರಸಮ್ಮ ಅಂತ ಯಾರಾದ್ರೂ ಇದ್ರಾ?"

ಲೋಟ ಟಕ್ ಅಂತ ಜಗಲಿ ಮೇಲಿಟ್ಟ.

"ಯಾರ್ಲಾ ನಿಂಗೆ ಆ ಹೆಸರೇಳಿದ್ದು?"

"ಯಾರೂ ಹೇಳ್ಲಿಲ್ಲ."

ಮುದುಕ ಬೀದಿಯ ಆ ಕಡೆ ಈ ಕಡೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ನಮ್ಮತ್ತಿಗೆ. ಪಾವಗಡದ ಕಡೆಯಿಂದ ತಂದಿದ್ದು. ಅಣ್ಣ ಲಾರಿ ಮೇಲೆ ಓದ್ರೆ ತಿಂಗಳಾನುಗಟ್ಲೆ ಬರ್ತಿರ್ಲಿಲ್ಲ. ನಮ್ಮವ್ವ ಅವಳನ್ನ ಹೆಸರಿಡಿದು ಒಂದಿನಾನೂ ಕೂಗಲಿಲ್ಲ. 'ಏಯ್' ಅನ್ನೋದು. ನಾವೂ ಅಂಗೇ ಅಂತಿದ್ವಿ. ನಲವತ್ತೈದು ವರ್ಷ ಆಯ್ತು... ನೀರು ಸೇದಾಕೆ ಓದೋಳು ಮೇಲೆ ಬರ್ಲಿಲ್ಲ. ನೀನಿರೋ ಮನೇಲೇ ಇದ್ದಿದ್ದು ಅವಳು."

"ಬಿದ್ದುಬಿಟ್ರಾ ತಾತ, ಇಲ್ಲಾ..."

"ಕೇಳ್ಬೇಡ ಕಣ್ಲಾ! ಇನ್ನೊಂದ್ಸಲ ಆ ಹೆಸರು ನನ್ನ ಕಿವಿಗೆ ಬಿದ್ರೆ ಗಂಟುಮೂಟೆ ಕಟ್ಬುಡು."

ಆ ಬಾಡಿಗೆಗೆ ಬೇರೆ ಮನೆ ಎಲ್ಲಿ ಸಿಗಬೇಕು? ಅಂಜನ್ ಅವತ್ತೇ ಆ ಹೆಸರು ಅಳಿಸಿದ. ಚೌಕ ಖಾಲಿ ಬಿಟ್ಟ.

ಆಮೇಲೆ ಹದಿನೈದು ದಿನ ಬಾವಿ ಮುಂದೆ ನಡೆದು ಬಂದ. ಏನೂ ಇಲ್ಲ. ರಾಟೆ ಸದ್ದಿಲ್ಲ, ದನಿ ಇಲ್ಲ. ಮೊದಮೊದಲು ಜೀವಕ್ಕೆ ಹಾಯೆನಿಸಿತು. ಆಮೇಲಾಮೇಲೆ ಅಲ್ಲಿ ಬಂದಾಗ ಅವನ ಕಾಲು ತಾನಾಗೇ ನಿಧಾನ ಆಗೋದು. ಕಿವಿ ಕೊಟ್ಟು ನಿಲ್ಲೋನು. ಒಂದು ರಾತ್ರಿ ಬರೀ ಗಾಳಿಗೆ "ಬಂದೆ ಕಣಮ್ಮ" ಅಂದನಂತೆ. ನಡೆದು ಬರ್ತಾ ಲೆಕ್ಕ ಹಾಕಿದನಂತೆ, ಅಂಗಡಿಯೋರು ಬಿಟ್ಟು ತನ್ನ ಹೆಸರು ಹಿಡಿದು ಯಾರಾದರೂ ಕೂಗಿ ಎಷ್ಟು ದಿನ ಆಯ್ತು ಅಂತ. ನೆನಪಾಗಲಿಲ್ಲ.

ಮನೆಗೆ ಬಂದ. ಹೊಸ ವರ್ಷನ್ ಬಂದಿತ್ತು. ಒಂಬತ್ತನೇದು ಓಡ್ತಿರಲಿಲ್ಲ. ಸರಿ ಮಾಡಿದ. ಖಾಲಿ ಚೌಕದಲ್ಲಿ ಗೆರೆ ಮಿಣುಕ್, ಮಿಣುಕ್ ಅಂತಿತ್ತು. ಅದನ್ನೇ ನೋಡ್ತಾ ಕೂತ. ಭಯ ಇತ್ತು, ಇಲ್ಲ ಅನ್ನಲಿಲ್ಲ ಅವನು. ಆದರೂ ಬರೆದ. ಬಟನ್ ಒತ್ತಿದ. ಎದ್ದು ಹೋಗಿ ಬಾಗಿಲ ಚಿಲಕ ತೆಗೆದು, ಕದ ಓರೆ ಮಾಡಿ ಬಂದ. ಆಮೇಲೆ ಗಟ್ಟಿಯಾಗಿ ಓದಿದ.

"ನಮಸ್ಕಾರ, ಸರಸಮ್ಮ."

ಗೋಡೆಯಾಚೆ ಶಂಕರಲಿಂಗಪ್ಪ ಕೆಮ್ಮುತ್ತಿದ್ದ. ಆ ಕೆಮ್ಮು ಟಪ್ಪಂತ ನಿಂತಿತು. ಅಷ್ಟೆ. ಕದ ಅಲ್ಲಾಡಲಿಲ್ಲ. ಯಾರೂ ಬರಲಿಲ್ಲ. ಅಂಜನ್ ಕೂತಲ್ಲೇ ನಿದ್ದೆ ಹೋದ.

ಬೆಳಿಗ್ಗೆ ಮುದುಕ ಬಾಗಿಲಲ್ಲಿ ನಿಂತಿದ್ದ. ಮನೆ ಬಿಡು ಅಂತಾನೆ ಅಂದುಕೊಂಡು ಅಂಜನ್ ಎದ್ದ.

"ರಾತ್ರಿ ಕರೆದ್ಯೇನ್ಲಾ?"

"ಹೂಂ ತಾತ."

"ಬಂದ್ಲಾ?"

"ಗೊತ್ತಾಗ್ಲಿಲ್ಲ."

ಮುದುಕ ಬಹಳ ಹೊತ್ತು ಒಳಗೆಲ್ಲ ಕಣ್ಣಾಡಿಸಿದ. "ನಾನೂ ಒಂದ್ಸಲ ಕೂಗ್ಬೋದಿತ್ತು ಕಣಪ್ಪ," ಅಂದ. ಹೊರಟುಹೋದ. ಮನೆ ಖಾಲಿ ಮಾಡೋ ಮಾತು ಆಮೇಲೆ ಎತ್ತಲಿಲ್ಲ.

ನಾಲ್ಕು ದಿನಕ್ಕೆ ಅಂಜನ್‌ಗೆ ಒಂದು ಮೇಲ್ ಬಂತು. ಪಾಠ ಶುರುವಾದಾಗಿನಿಂದ ಮೊದಲನೇದು. ಬರೆದವಳು ಪಾವಗಡದ ಕಡೆಯ ಕ್ಯಾತಗಾನಚೆರ್ಲಿನ ಶರಣ್ಯಾ ಅನ್ನೋ ಡಿಪ್ಲೊಮಾ ಓದೋ ಹುಡುಗಿ. ಜೊತೆಗೆ ಪರದೆಯ ಫೋಟೋ ಕಳಿಸಿದ್ದಳು.

"ಸಾರ್, ನಿಮ್ಮ ಪಾಠದಿಂದಲೇ ಕಲೀತಿದೀನಿ. ಒಂಬತ್ತನೇ ಉದಾಹರಣೆಯಲ್ಲಿ ಒಂದು ಡೌಟು. ನಮಸ್ಕಾರದ ಕೆಳಗೆ ಇನ್ನೊಂದು ಸಾಲು ಬರ್ತಿದೆ. 'ತಿನ್ನಾವಾ?' ಅಂತ. ನಮ್ಮ ಕಡೆ ಊಟ ಆಯ್ತಾ ಅಂತ ಕೇಳೋದು ಹಂಗೇ. ಕನ್ನಡದ ಪಾಠದಲ್ಲಿ ತೆಲುಗು ಯಾಕೆ ಸಾರ್?"

ಅಂಜನ್‌ಗೆ ತೆಲುಗು ಬರಲ್ಲ. ಆ ಪ್ರೋಗ್ರಾಮು ಇರೋದೇ ಹನ್ನೊಂದು ಸಾಲು. ಒಂದೊಂದನ್ನೂ ಬೆರಳಿಟ್ಟು ಓದಿದ. ಆ ಮಾತು ಎಲ್ಲೂ ಇಲ್ಲ. ಅವನ ಕಂಪ್ಯೂಟರಿನಲ್ಲಿ ಓಡಿಸಿದರೂ ಬರಲಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಫೋಟೋ ನಾನೇ ನನ್ನ ಕಣ್ಣಾರೆ ನೋಡಿದೀನಿ. ಬಿಳೀ ಚೌಕ, ಕಪ್ಪಕ್ಷರ. ಮೂಲೆಯಲ್ಲಿ ಗಂಟೆ ರಾತ್ರಿ ಎಂಟೂ ಇಪ್ಪತ್ತು, ಊಟದ ಹೊತ್ತು. ಬೆಳಿಗ್ಗೆ ಹೊತ್ತು ಓಡಿಸಿದರೆ ಆ ಹುಡುಗಿಗೂ ಬರೀ ನಮಸ್ಕಾರ ಬರುತ್ತಂತೆ.