ಕೊಕ್ಕೆಗೆ ತೂಗಿದ ಬ್ಯಾಜುಗಳು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಈ ಸಂಜೆ ಯಾರ ಗೌರವಕ್ಕಾಗಿ ಏರ್ಪಟ್ಟಿದೆಯೋ ಆ ನಮ್ಮ ದೊಡ್ಡ ಸರ್ ಅವರೇ, ಮೂಳೆ ಮತ್ತು ಕೀಲು ವಿಭಾಗದ ಈಗಿನ ಮುಖ್ಯಸ್ಥರೇ, ಇಲ್ಲಿ ಕಲಿತು ಹೋದ ಹಿರಿಯರೇ, ಕಲಿಯುತ್ತಿರುವ ಕಿರಿಯರೇ, ಅವರೊಂದಿಗೆ ಬಂದು ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತಿರುವ ಮನೆಮಂದಿಯೇ, ಸಭಿಕರೇ,

ನನಗೆ ಒಪ್ಪಿಸಿರುವ ಕೆಲಸ ಸಣ್ಣದು. ಪ್ರತಿ ತಂಡದಿಂದ ಒಬ್ಬರು ಬಂದು, ತಮ್ಮ ಜೊತೆ ಇಲ್ಲಿ ಕಲಿಯುತ್ತಲೇ ದುಡಿದ ರೆಸಿಡೆಂಟ್ ಡಾಕ್ಟರುಗಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಹೇಳಬೇಕು. ತಲೆಗೆ ಎರಡು ವಾಕ್ಯ. ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಹೇಳಿದರು. ಕೇಳುತ್ತ ಕುಳಿತಾಗ ನನಗೆ ಒಂದು ವಿಷಯ ಹೊಳೆಯಿತು. ಈ ವಿಭಾಗದಿಂದ ಹೊರಬಿದ್ದವರೆಲ್ಲ ಏನೋ ಒಂದು ಆಗಿದ್ದಾರೆ. ಯಾರಿಗೂ ಏನೂ ಆಗಿಲ್ಲ.

ನಮ್ಮ ತಂಡದಲ್ಲಿ ನಾವು ನಾಲ್ವರು. ನಮ್ಮ ಹೆಸರುಗಳನ್ನು ನೆನಪಿಡುವುದು ದೊಡ್ಡ ಸರ್‌ಗೆ ಬೇಸರದ ಕೆಲಸವಾಗಿತ್ತು. ಹಾಗಾಗಿ ಮೊದಲ ವಾರದಲ್ಲೇ ಅವರು ನಮಗೆ ಅಡ್ಡಹೆಸರು ಇಟ್ಟರು. ಮಂಡಿರಾಯ, ಸುತ್ತಿಗೆ, ಕಂಬ, ಹೊಲಿಗೆ. ಹೊಲಿಗೆ ಎಂದರೆ ನಾನು. ಗಂಡಸರು ಮೂಳೆ ಕೂಡಿಸಿ ಕೈತೊಳೆದು ಹೋದ ಮೇಲೆ ಚರ್ಮ ಹೊಲಿಯುವುದು ನನ್ನ ಪಾಲಿನ ಕೆಲಸ. "ನಿನ್ನ ಕೈಗೆ ಬಲ ಸಾಲದಮ್ಮ, ಹೊಲಿಗೆ ಮಾತ್ರ ಚೆನ್ನಾಗಿದೆ" ಎಂದು ಸರ್ ಹೇಳುತ್ತಿದ್ದರು. ಆ ಮಾತಿಗೆ ನಾನು ಅತ್ತಿದ್ದೇನೆ. ಇವತ್ತು ನನಗೆ ಹತ್ತು ಬೆರಳುಗಳಿರುವುದು ಆ ಅವಮಾನದಿಂದಲೇ. ಇದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಮಂಡಿರಾಯ. ಮಂಡಿ ಬಿಟ್ಟು ಬೇರೆ ಯಾವ ಕೀಲಿನ ಮಾತೆತ್ತಿದರೂ ಆಕಳಿಸುತ್ತಿದ್ದವನು. ಈಗ ಅವನದೇ ಆಸ್ಪತ್ರೆಯಿದೆ, ಅದರ ಹಜಾರದಲ್ಲಿ ಗೋಡೆಯ ಮೇಲಿಂದ ನೀರು ಬೀಳುತ್ತದೆ, ನಡೆಯಲಾಗದವರು ಅದರ ಮುಂದೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿದ್ದಾನೆ. ಎದ್ದು ಕೈ ಬೀಸಬೇಡ, ಮಾರಾಯ. ಕೂತಿರು. ನಿನ್ನ ವಿಷಯ ಇನ್ನೂ ಮುಗಿದಿಲ್ಲ.

ಎರಡನೆಯವರು ಸುತ್ತಿಗೆ. ಅವರನ್ನು ಈಗ ಹಾಗೆ ಕರೆಯುವಂತಿಲ್ಲ, ಅವರೇ ಈ ವಿಭಾಗದ ಮುಖ್ಯಸ್ಥರು, ವೇದಿಕೆಯಲ್ಲಿ ನನ್ನ ಎಡಕ್ಕಿದ್ದಾರೆ. ಅವರ ಆಡಳಿತದಲ್ಲಿ ವಿಭಾಗಕ್ಕೆ ಈ ವರ್ಷ ವಿಕಿರಣ ಸುರಕ್ಷತೆಯ ಫಲಕ ಬಂದಿದೆ. ದೊಡ್ಡ ಸರ್ ಹಾಕಿಕೊಟ್ಟ ಶಿಸ್ತಿನ ಫಲವೆಂದು ಅದನ್ನು ಇವತ್ತು ಸರ್ ಕೈಗೇ ಕೊಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಅಭ್ಯಾಸ.

ಮೂರನೆಯವಳು ನಾನು. ಒಂದು ಸಾಧಾರಣ ಆಸ್ಪತ್ರೆಯಲ್ಲಿ ಸಾಧಾರಣ ಮೂಳೆಗಳನ್ನು ಕೂಡಿಸುತ್ತೇನೆ. ಸಾಲದು ಎನ್ನಿಸಿಕೊಂಡ ಆ ಬಲದಿಂದಲೇ.

ನಾಲ್ಕನೆಯವರು ಕಂಬ. ಅವರು ನಮ್ಮ ಮನೆಯವರು. ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿದ್ದಾರೆ, ನನ್ನ ಕಡೆ ನೋಡುತ್ತಿಲ್ಲ. ನಿಮ್ಮ ಕೈಯಲ್ಲಿರುವ ಸ್ಮರಣ ಸಂಚಿಕೆಯಲ್ಲಿ ಅವರ ಬಗ್ಗೆ ಒಂದೇ ವಾಕ್ಯ ಅಚ್ಚಾಗಿದೆ: "ವೈಯಕ್ತಿಕ ಕಾರಣಗಳಿಂದ ವಿಶ್ರಾಂತಿಯಲ್ಲಿದ್ದಾರೆ."

ವೈಯಕ್ತಿಕ! ಆ ಪದದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಏನು ವೈಯಕ್ತಿಕ, ಸಭಿಕರೇ? ಕುಡಿದರೇ? ಜೂಜಾಡಿದರೇ? ಹೆಂಡತಿಯ ಕಾಟವೇ? ಬಲಗೈಯ ತೋರುಬೆರಳನ್ನು ಬುಡದಿಂದ, ನಡುಬೆರಳನ್ನು ಅರ್ಧಕ್ಕೆ ಕತ್ತರಿಸಿ ತೆಗೆದಿದ್ದಾರೆ. ಚರ್ಮದ ಕ್ಯಾನ್ಸರ್. ಮೂಳೆ ಡಾಕ್ಟರರ ಬೆರಳುಗಳಿಗೆ ಅದು ಸುಮ್ಮನೆ ಬರುವುದಿಲ್ಲವೆಂದು ಈ ಸಭಾಂಗಣದ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಜನ ನಮ್ಮ ಮನೆಮಂದಿ. ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಧ್ಯಕ್ಷರು ಗಡಿಯಾರ ನೋಡಿಕೊಳ್ಳಲಿ.

ಮುರಿದ ಕಾಲನ್ನು ಕೂಡಿಸುವಾಗ ಒಳಗೆ ಮೂಳೆ ನೇರವಾಗಿದೆಯೇ ಎಂದು ನೋಡಲು ಆಪರೇಷನ್ ಥಿಯೇಟರಿನಲ್ಲೇ ಒಂದು ಎಕ್ಸ್-ರೇ ಯಂತ್ರ ಇರುತ್ತದೆ. ಸಿ-ಆರ್ಮ್ ಅನ್ನುತ್ತೇವೆ. ಮೇಷ್ಟ್ರು ಕಾಲಿನಿಂದ ಪೆಡಲ್ ಒತ್ತಿದರೆ ಪರದೆಯ ಮೇಲೆ ಮೂಳೆ ಮೂಡುತ್ತದೆ. ಆ ಹೊತ್ತಿನಲ್ಲಿ ರೋಗಿಯ ಕಾಲು ಅಲುಗಬಾರದು. ಅಲುಗದಂತೆ ಅದನ್ನು ಎಳೆದು ಹಿಡಿದು ನಿಲ್ಲುವುದು ಕಿರಿಯ ರೆಸಿಡೆಂಟ್‌ನ ಕೆಲಸ, ಅವನ ಕೈ ಕಿರಣದ ದಾರಿಯಲ್ಲೇ ಇರುತ್ತದೆ. ಮೈಗೆ ಕಿರಣ ತಡೆಯುವ ಸೀಸದ ಏಪ್ರನ್ ಉಂಟು, ಬೆರಳಿಗೆ ಏನು? ಏನೂ ಇಲ್ಲ. ನಮ್ಮಲ್ಲಿ ಎಲ್ಲರಿಗಿಂತ ಅಲುಗದೆ ಹಿಡಿಯುತ್ತಿದ್ದವರು ಇವರು. ಅದಕ್ಕೇ ಕಂಬ. "ಕಂಬ ಇದ್ರೆ ನನಗೆ ಟೇಬಲ್ಲೇ ಬೇಡ" ಎಂದು ಸರ್ ಹೊಗಳುತ್ತಿದ್ದರು. ಇವರ ಸರದಿಯಲ್ಲದ ದಿನವೂ ಇವರನ್ನೇ ಕರೆಸುತ್ತಿದ್ದರು. ಇವರು ಊಟ ಬಿಟ್ಟು ಓಡುತ್ತಿದ್ದರು. ಆಗ ನನಗೆ ಹೊಟ್ಟೆಯುರಿಯುತ್ತಿತ್ತು. ನನ್ನನ್ನೂ ಒಮ್ಮೆ ಹಾಗೆ ಕೂಗಿ ಕರೆದರೆ ಆಗದೇ ಎಂದು.

ಇನ್ನು ಬ್ಯಾಜು. ಯಾರ ಮೇಲೆ ಎಷ್ಟು ಕಿರಣ ಬಿತ್ತು ಎಂದು ಅಳೆಯಲು ಎದೆಯ ಮೇಲೆ ಒಂದು ಸಣ್ಣ ಬ್ಯಾಜು ಧರಿಸಬೇಕು. ಅಳತೆ ಮಿತಿ ಮೀರಿದರೆ ಆ ರೆಸಿಡೆಂಟ್‌ನನ್ನು ಕೆಲವು ತಿಂಗಳು ಥಿಯೇಟರಿನಿಂದ ಹೊರಗಿಡುವುದು ನಿಯಮ. ಆದರೆ ಹೊರಗಿಟ್ಟರೆ ಕಾಲು ಹಿಡಿಯುವವರು ಯಾರು? ಸರ್ ಮೊದಲ ದಿನವೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದ್ದು ಇದು: "ಬ್ಯಾಜ್ ಹಾಕ್ಕೊಂಡು ಒಳಗೆ ಬಂದ್ರೆ, ಬ್ಯಾಜ್ ಹಾಕ್ಕೊಂಡೇ ಮನೆಗೆ ಹೋಗ್ತೀರಿ." ನಾವು ನಕ್ಕೆವು. ಟೀ ಕುಡಿಯುವ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆಯಿತ್ತು. ಒಳಗೆ ಹೋಗುವ ಮುನ್ನ ಎಲ್ಲರೂ ಬ್ಯಾಜು ಕಳಚಿ ಆ ಮೊಳೆಗೆ ತೂಗುಹಾಕುತ್ತಿದ್ದೆವು. ತಂಡದಿಂದ ತಂಡಕ್ಕೆ ಅದೇ ಪದ್ಧತಿ. ಆ ಬ್ಯಾಜುಗಳು ಅಳೆದದ್ದು ಟೀಯ ಹಬೆಯನ್ನು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಬ್ಯಾಜು ಮಿತಿ ಮೀರಿಲ್ಲವೆಂದು ಫಲಕ ಕೊಟ್ಟಿದ್ದಾರೆ. ನಿಜವೇ. ನಮ್ಮ ಬ್ಯಾಜುಗಳೆಲ್ಲ ಆರೋಗ್ಯವಾಗಿವೆ.

ನಾಡಿದ್ದು ಸೋಮವಾರ ಇವರು ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕು. ಅಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ ಒಂದೇ: ಈ ಕಾಯಿಲೆ ಕೆಲಸದಿಂದ ಬಂದದ್ದೋ, ಅಲ್ಲವೋ? ಬೋರ್ಡಿನವರು ಈಗಾಗಲೇ ಈ ವಿಭಾಗವನ್ನು ಕೇಳಿದ್ದಾರೆ. ವಿಭಾಗ ಉತ್ತರ ಕೊಟ್ಟಿದೆ: ಇವರ ಬ್ಯಾಜಿನ ಪ್ರಕಾರ ಇವರ ಮೇಲೆ ಕಿರಣ ಬಿದ್ದೇ ಇಲ್ಲ. ಹಾಗಾದರೆ ಬ್ಯಾಜು ಎದೆಯ ಮೇಲಿರಲಿಲ್ಲ, ಮೊಳೆಯ ಮೇಲಿತ್ತು ಎಂದು ಜೊತೆಯಲ್ಲಿದ್ದವರು ಯಾರಾದರೂ ಬಂದು ಹೇಳಬೇಕು. ನಾನು ಹೇಳುತ್ತೇನೆಂದೆ. ಹೆಂಡತಿಯ ಮಾತು ನಡೆಯುವುದಿಲ್ಲವಂತೆ. ನಾನು ಹೆಂಡತಿಯಾಗುವ ಮುಂಚೆ ಅದೇ ಥಿಯೇಟರಿನಲ್ಲಿ ಅದೇ ನೆಲದ ಮೇಲೆ ನಿಂತಿದ್ದೆ ಎಂದೆ. ಅದು ಸರಿಯಮ್ಮ, ಈಗ ಹೆಂಡತಿಯಲ್ಲವೇ ಎಂದರು.

ಮಂಡಿರಾಯನಿಗೆ ಫೋನ್ ಮಾಡಿದೆ. "ಹೇಳು ಹೊಲಿಗೆ, ಹೇಗಿದ್ದಾನೆ ನಮ್ಮ ಕಂಬ?" ಅಂದ. ವಿಷಯ ಹೇಳಿದೆ. "ಅಯ್ಯೋ ಪಾಪ" ಅಂದ. ಪಾಪ ಇರಲಿ, ಸೋಮವಾರ ಬರ್ತೀಯಾ ಅಂದೆ. "ನೋಡಮ್ಮಾ, ನನ್ನ ಆಸ್ಪತ್ರೇಲೂ ಮಷೀನ್ ಇದೆ, ನನ್ನ ಹುಡುಗ್ರೂ ಇದ್ದಾರೆ. ನಾನು ಅಲ್ಲಿ ಹೋಗಿ ಬಾಯಿ ಬಿಟ್ರೆ ನಾಳೆ ನನ್ನ ಬಾಗಿಲಿಗೂ ಬರ್ತಾರೆ. ಕಂಬಂಗೆ ಏನು ಬೇಕೋ ಹೇಳು, ಕೃತಕ ಬೆರಳು ಮಾಡಿಸ್ಕೊಡ್ತೀನಿ, ಫಸ್ಟ್ ಕ್ಲಾಸಾಗಿ." ನೋಡಿ, ಎಂಥ ಸ್ನೇಹಿತ. ಬೆರಳು ಕೊಡುತ್ತಾನೆ, ಬಾಯಿ ಕೊಡುವುದಿಲ್ಲ.

ವಿಭಾಗದ ಮುಖ್ಯಸ್ಥರನ್ನು ಇವತ್ತು ಬೆಳಿಗ್ಗೆ ನೇರವಾಗಿಯೇ ಕಂಡೆ. ಅವರು ಪ್ರೀತಿಯಿಂದ ಹೊಸ ಥಿಯೇಟರುಗಳನ್ನೆಲ್ಲ ತೋರಿಸಿದರು. ಟೀ ಕೋಣೆಯ ಹತ್ತಿರ ಬಂದಾಗ "ಇದು ಬೇಡ, ಗಲೀಜಿದೆ" ಎಂದು ದಾಟಿಸಿದರು. ನಾನು ಬಾಗಿಲು ತಳ್ಳಿದೆ. ಗಲೀಜೇನೂ ಇರಲಿಲ್ಲ, ಲಕಲಕ ಅನ್ನುತ್ತಿತ್ತು. ಬಾಗಿಲ ಹಿಂದೆ ಹಳೆಯ ಮೊಳೆ ಹೋಗಿದೆ. ಆ ಜಾಗದಲ್ಲಿ ಸಾಲಾಗಿ ಸ್ಟೀಲಿನ ಕೊಕ್ಕೆಗಳು, ಪ್ರತಿ ರೆಸಿಡೆಂಟ್‌ಗೆ ಒಂದೊಂದು. ಬ್ಯಾಜುಗಳು ತೂಗುತ್ತಿದ್ದವು. ಒಳಗೆ ಆಪರೇಷನ್ ನಡೆಯುತ್ತಿತ್ತು. ಅಭಿವೃದ್ಧಿ ಅಂದರೆ ಇದೇ ಇರಬೇಕು.

"ಸುತ್ತಿಗೆ, ಏನಿದು?" ಅಂದೆ.

"ಇವತ್ತು ಬೇಡ ಕಣೇ. ಇವತ್ತು ಸರ್ ದಿನ" ಅಂದರು.

ಸರ್ ದಿನ ಇಲ್ಲದ ದಿನ ಯಾವುದು? ನಾವು ಇಲ್ಲಿಗೆ ಬಂದಾಗಿನಿಂದ ಎಲ್ಲ ದಿನವೂ ಸರ್ ದಿನವೇ.

ಕೊನೆಗೆ ಸರ್. ಇದು ಕಳೆದ ವಾರದ ಮಾತು. ಅವರ ಮನೆಗೆ ನಾನು ಹೋಗಲಿಲ್ಲ, ಹೋಗಲು ಇವರು ಬಿಡಲಿಲ್ಲ. "ನೀನು ಬಂದ್ರೆ ಜಗಳ ಆಡ್ತೀಯ, ನಾನೊಬ್ಬನೇ ಹೋಗ್ತೀನಿ" ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಅದರ ಗುಂಡಿ ಹಾಕಿದ್ದು ನಾನು. ಈಗ ದಿನಾ ನಾನೇ ಹಾಕುವುದು. ಆ ಹೊತ್ತಿನಲ್ಲಿ ಇವರು ಚಾವಣಿ ನೋಡುತ್ತ ನಿಂತಿರುತ್ತಾರೆ, ಒಂದಿಷ್ಟೂ ಅಲುಗುವುದಿಲ್ಲ. ಕೆಲವೊಮ್ಮೆ ನನಗೆ ಆ ಅಂಗಿಯನ್ನು ಹಿಡಿದು ಜೋರಾಗಿ ಅಲುಗಾಡಿಸಬೇಕು ಅನ್ನಿಸುತ್ತದೆ. ಇದನ್ನು ಇಲ್ಲಿ ಹೇಳಬೇಕೆಂದು ಬಂದಿರಲಿಲ್ಲ. ಇರಲಿ.

ಸಂಜೆ ಮರಳಿ ಬಂದರು. "ಸರ್ ಏನಂದ್ರು?"

"ಕಾಫಿ ಕೊಟ್ರು."

"ಅದಲ್ಲಾರೀ. ಏನಂದ್ರು?"

"ಮೊಳೆ ಗಿಳೆ ಏನೂ ನೆನಪಿಲ್ಲ ಅಂದ್ರು. ಪಾಪ, ವಯಸ್ಸಾಯ್ತಲ್ಲೇ."

"ನಿಮ್ಮ ಕೈ ನೋಡಿದ್ರಾ?"

"ಟೇಬಲ್ ಕೆಳಗಿತ್ತು. ಅವರಿಗೆ ಬೇಜಾರಾಗತ್ತೆ ಅಂತ ನಾನೇ ತೆಗೀಲಿಲ್ಲ."

ಕೇಳಿದಿರಾ? ಬೆರಳು ಹೋದವರಿಗೆ ಬೆರಳು ತೆಗೆಸಿದವರ ಬೇಜಾರಿನ ಚಿಂತೆ! ನನಗೆ ಸರ್ ಮೇಲೆ ಸಿಟ್ಟಿದೆಯೇ ಎಂದು ಕೇಳಿದರೆ, ಇದೆ. ಆದರೆ ಅದು ಎರಡನೆಯ ಸಿಟ್ಟು. ಮೊದಲನೆಯದು ಮೂರನೆಯ ಸಾಲಿನಲ್ಲಿ ಕುಳಿತಿದೆ.

ವಯಸ್ಸಾಯಿತು, ನೆನಪಿಲ್ಲ. ನಾನೂ ನಂಬಿದ್ದೆ. ಅರ್ಧ ಗಂಟೆಯ ಹಿಂದೆ ಇದೇ ಮೈಕಿನ ಮುಂದೆ ಸರ್ ಸನ್ಮಾನಕ್ಕೆ ಉತ್ತರ ಕೊಟ್ಟರು. ನೀವೆಲ್ಲ ಕೇಳಿದಿರಿ. ನಮ್ಮ ಕಾಲದ ಒಂದು ತೊಡೆಮೂಳೆಯ ಕಥೆ ಹೇಳಿದರು. ಆ ರೋಗಿ ಬಡಗಿ ಎಂದು ಅವರಿಗೆ ನೆನಪಿತ್ತು. ಮುರಿದದ್ದು ಎಡಗಾಲೆಂದು ನೆನಪಿತ್ತು. ಒಳಗೆ ಕೂರಿಸಿದ ರಾಡ್ ಎಷ್ಟು ಉದ್ದ ಎಂಬುದೂ ನೆನಪಿತ್ತು. ಕಾಲನ್ನು ಯಾರು ಹಿಡಿದಿದ್ದರು ಎಂದು ಮಾತ್ರ ಹೇಳಲಿಲ್ಲ. ನಾನು ಹೇಳುತ್ತೇನೆ, ಸರ್. ನಾನು ಆ ದಿನ ಹೊಲಿಗೆಗೆ ಕಾಯುತ್ತ ಗೋಡೆಗೆ ಒರಗಿ ನಿಂತಿದ್ದೆ. ನೀವು ಪೆಡಲ್ ಮೇಲಿನಿಂದ ಕಾಲು ತೆಗೆಯಲೇ ಇಲ್ಲ. "ಅಲುಗಬೇಡ ಕಂಬ, ಅಲುಗಬೇಡ" ಅನ್ನುತ್ತಿದ್ದಿರಿ. ಪರದೆಯ ಮೇಲೆ ಬಡಗಿಯ ಮೂಳೆ, ಅದರ ಪಕ್ಕದಲ್ಲಿ ಇವರ ಬೆರಳುಗಳ ಮೂಳೆ. ಎಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವೆಂದರೆ ನಾನು ಮನಸ್ಸಿನಲ್ಲೇ ಎಣಿಸಿದ್ದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಮಯವಾಯಿತಂತೆ. ಮುಗಿಸುತ್ತೇನೆ.

ಈ ಸಭಾಂಗಣದಲ್ಲಿ ಆ ಬಾಗಿಲ ಹಿಂದೆ ಬ್ಯಾಜು ತೂಗುಹಾಕಿದವರು ಎಷ್ಟು ಜನರಿದ್ದೀರಿ? ಎಲ್ಲರೂ. ಕಿರಿಯರೇ, ನಿಮ್ಮನ್ನು ನಾನು ಕೇಳುವುದಿಲ್ಲ, ನಿಮ್ಮ ಪರೀಕ್ಷೆ ಇನ್ನೂ ಮುಖ್ಯಸ್ಥರ ಕೈಯಲ್ಲಿದೆ. ಹಿರಿಯರನ್ನು ಕೇಳುತ್ತೇನೆ. ನಿಮ್ಮ ಮೇಲೆ ಈಗ ಯಾರಿದ್ದಾರೆ? ನಿಮ್ಮನ್ನು ಯಾರು ಫೇಲ್ ಮಾಡುತ್ತಾರೆ? ಸೋಮವಾರ ಬಂದು ಒಂದು ವಾಕ್ಯ ಹೇಳುವವರು ಎದ್ದು ನಿಲ್ಲಿ.

ಯಾರೂ ಇಲ್ಲ. ಮಂಡಿರಾಯ ಫೋನ್ ನೋಡಿಕೊಳ್ಳುತ್ತಿದ್ದಾನೆ. ಒಳ್ಳೆಯದು.

ಹಾಗಾದರೆ ಸರ್, ನೀವೇ. ಫಲಕ ನಿಮ್ಮ ತೊಡೆಯ ಮೇಲಿದೆ, ಮೈಕು ಇಲ್ಲಿದೆ. "ಬ್ಯಾಜು ತೆಗೆಯಲು ನಾನೇ ಹೇಳಿದ್ದೆ." ಅಷ್ಟು ಸಾಕು. ನನಗೆ ಕ್ಷಮೆ ಬೇಡ, ಕಾಫಿ ಬೇಡ.

ಸರ್ ಏಳುತ್ತಿದ್ದಾರೆ. ದಾರಿ ಬಿಡಿ.

ಇಲ್ಲ. ಮೈಕಿನ ಕಡೆಗಲ್ಲ. ಪಕ್ಕದ ಮೆಟ್ಟಿಲ ಕಡೆಗೆ.

ನಿಧಾನ, ಸರ್. ಆ ಮೆಟ್ಟಿಲು ಎತ್ತರವಿದೆ, ಹಿಡಿಕೆಯಿಲ್ಲ. ಯಾರಾದರೂ ಅವರನ್ನು... ಬೇಡ, ಯಾರೂ ಹೋಗಬೇಕಾಗಿಲ್ಲ. ಒಬ್ಬರು ಆಗಲೇ ಎದ್ದು ಓಡಿದ್ದಾರೆ. ಮೂರನೆಯ ಸಾಲಿನ ಕೊನೆಯ ಕುರ್ಚಿ ಖಾಲಿಯಾಗಿದೆ.

ನೋಡಿ, ಸಭಿಕರೇ. ಎಲ್ಲರೂ ನೋಡಿ. ಎಷ್ಟು ಚೆನ್ನಾಗಿ ಹಿಡಿದುಕೊಂಡಿದ್ದಾರೆ. ಸರ್ ತಮ್ಮ ಭಾರವನ್ನೆಲ್ಲ ಬಿಟ್ಟಿದ್ದಾರೆ, ಇವರು ಸ್ವಲ್ಪವೂ ಅಲುಗುತ್ತಿಲ್ಲ. ಸರ್, ಇಳಿಯುವ ಮುಂಚೆ ನಿಮ್ಮ ಮೊಣಕೈ ಹಿಡಿದಿರುವ ಆ ಕೈಯನ್ನು ಒಮ್ಮೆ ನೋಡಿ. ಈಗ ಅದು ಟೇಬಲ್ ಕೆಳಗಿಲ್ಲ.

ನೋಡಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೋರ್ಡಿನ ಬಾಗಿಲು ತೆರೆಯುತ್ತದೆ. ಹೊರಗಿನ ಬೆಂಚಿನ ಮೇಲೆ ನಾವಿಬ್ಬರು ಕುಳಿತಿರುತ್ತೇವೆ. ಬೆಂಚು ಉದ್ದವಾಗಿದೆ, ಜಾಗ ಬೇಕಾದಷ್ಟಿದೆ. ಎರಡು ವಾಕ್ಯ ಕೇಳಿದವರಿಗೆ ಇಷ್ಟು ಹೇಳಿದೆ. ಕರೆದವರಿಗೆ, ತಡೆಯದೆ ಕೇಳಿದವರಿಗೆ, ಚೀಟಿ ಕಳಿಸಿಯೂ ಮೈಕು ಆರಿಸದ ಅಧ್ಯಕ್ಷರಿಗೆ ವಂದನೆ ಹೇಳಿ ಕೆಳಗಿಳಿಯುತ್ತೇನೆ. ನನಗೆ ಯಾರೂ ಕೈ ಕೊಡುವುದು ಬೇಡ.

ನಮಸ್ಕಾರ.